ರೋಗವೇ ಕಾಣದ ಮಹದೇವಮ್ಮ

ಹುಲಿಕೆರೆಯಲ್ಲಿ ಹುಟ್ಟಿ, ಅರಸೀಕೆರೆಯ ಕೊಬ್ಬರಿ ಮಂಡಿ ಚನ್ನಬಸವಯ್ಯನವರ ಕೈಹಿಡಿದ ಮಹದೇವಮ್ಮನವರಿಗೆ ನಲವತ್ತಾಗುತ್ತ ಬಂದಿದ್ದರೂ, ಒಂದು ದಿನ ನೆಗಡಿಯಾದದ್ದನ್ನು ಊರು ಕಂಡಿರಲಿಲ್ಲ. ಆರೋಗ್ಯ ತಮ್ಮ ಸ್ವಂತ ಸಂಪಾದನೆ ಎಂಬಂತೆ ಅವರು ನಡೆಯುತ್ತಿದ್ದರು. ಯಾರಾದರೂ ಸೊಂಟನೋವು ಎಂದರೆ, "ನಂಗಂತೂ ಸೊಂಟ ಎಲ್ಲೈತೆ ಅಂತ್ಲೇ ಗೊತ್ತಿಲ್ಲ ಕಣವ್ವ" ಎನ್ನುವರು. ನೋಡಿದವರಿಗೂ ಗೊತ್ತಾಗುತ್ತಿರಲಿಲ್ಲ.

ನಯಾಪೈಸೆ ಬಂದ ವರ್ಷ ಬಾಣಾವರದ ರುದ್ರಮ್ಮ ಈ ಮನೆಗೆ ಸೊಸೆಯಾಗಿ ಬಂದಳು. ಕೆಲವು ತಿಂಗಳಲ್ಲೇ ಅವಳಿಗೆ ಬಿಳಿಸೆರಗಿನ ಅನುಮಾನ. ಹೆಂಗಸರ ಆಸ್ಪತ್ರೆಯ ನರ್ಸು ಯೋನಿಸ್ರಾವವನ್ನು ಗಾಜಿನ ಪಟ್ಟಿಗೆ ಸವರಿ ಪರೀಕ್ಷೆಗೆ ಕಳಿಸಿದಳು. ಪರೀಕ್ಷಿಸುವವರು ಭಾಷ್ಯಂ. ಮೈಕ್ರೋಸ್ಕೋಪು ಸರ್ಕಾರದ್ದಾದರೂ ಅದರೊಳಗೆ ಕಾಣುವುದೆಲ್ಲ ತಮ್ಮದೇ ಎಂದು ನಂಬಿದ್ದ ಮನುಷ್ಯ. ಡಾಕ್ಟರು ರಜದಲ್ಲಿದ್ದರು. ಅವರು ಬರುವ ತನಕ ತಡೆಯಲಾರದೆ ಭಾಷ್ಯಂ, ಸೊಸೆಯ ಜೊತೆ ಬಂದಿದ್ದ ಮಹದೇವಮ್ಮನವರಿಗೆ ಹೇಳಿಯೇಬಿಟ್ಟರು.

"ಕ್ರಿಮಿ ಗಿಜಿಗಿಜಿ ಅಂತಿವೆ ಅಮ್ಮಾ. ಕಡ್ಡಿ ಕಡ್ಡಿ ಹಾಗೆ. ಇನ್ನೇನು ಹೇಳಲಿ."

ಮನೆಗೆ ಬಂದದ್ದೇ ರುದ್ರಮ್ಮನ ಟ್ರಂಕಿಗೆ ಹಗ್ಗ ಬಿತ್ತು. ಅವಳು ತವರು ಬಾಣಾವರಕ್ಕೆ ಹೋಗುವುದು. ಮತ್ತೆ ಕರೆಸುವ ಮಾತಿಲ್ಲ. ಮಗ ಇಂದುಧರ ಬಾಯಿ ತೆರೆದ. ತಾಯಿ ನೋಡಿದರು. ಮುಚ್ಚಿದ.

ಅಷ್ಟರಲ್ಲಿ ರಜ ಮುಗಿಸಿ ಬಂದ ಡಾಕ್ಟರ್ ಸುವರ್ಣಮ್ಮ ಆ ಗಾಜು ನೋಡಿ, ಅತ್ತೆ ಸೊಸೆ ಇಬ್ಬರನ್ನೂ ಕರೆಸಿದರು.

"ಇವು ಅಲ್ಲಿ ಇರಬೇಕಾದ ಕ್ರಿಮಿಗಳೇ ಕಣ್ರೀ. ಹಾಲನ್ನ ಮೊಸರು ಮಾಡೋ ಜಾತಿಯವು. ಒಳಗೆ ಹುಳಿ ಇಟ್ಟು ಕೆಟ್ಟವು ಸೇರದ ಹಾಗೆ ಕಾಯುತ್ವೆ. ಇವು ಕಮ್ಮಿಯಾದ್ರೇನೇ ಕಾಯಿಲೆ. ಸ್ವಲ್ಪ ಬಿಳುಪು ಎಲ್ಲರಿಗೂ ಹೋಗುತ್ತೆ."

"ಹುಡುಗಿ ಮೇಲಿನ ಕನಿಕರಕ್ಕೆ ಹಿಂಗಂತೀರಿ," ಎಂದರು ಮಹದೇವಮ್ಮ.

"ಆರೋಗ್ಯವಾಗಿರೋರದ್ದೊಂದು ಪಕ್ಕದಲ್ಲಿಟ್ಟು ತೋರಿಸಬಹುದಿತ್ತು. ಆದ್ರೆ ಅಂಥೋರು ಆಸ್ಪತ್ರೆಗೆ ಯಾಕೆ ಬರ್ತಾರೆ? ನಮ್ಮ ಭಾಷ್ಯಂ ಇದುವರೆಗೂ ನೋಡಿರೋದೆಲ್ಲ ಕಾಯಿಲೆಯವರದ್ದೇ."

ಮಹದೇವಮ್ಮ ಸೆರಗು ಸರಿಮಾಡಿಕೊಂಡು ಎದ್ದರು. "ಯಾಕೆ, ನಾನಿಲ್ವಾ? ನಂದು ತಕ್ಕಳಿ. ಕನ್ನಡಿ ಹಂಗಿರ್ತೈತೆ."

ಪರದೆಯ ಹಿಂದೆ ಹೋಗಿ ಬಂದರು. ಡಾಕ್ಟರು ಅವರದ್ದನ್ನು ಸವರಿದ ಹೊಸ ಗಾಜಿಗೆ ಬಣ್ಣ ಹಾಕಿಸಿ, ಯಾರದ್ದೆಂದು ಹೇಳದೆ ಭಾಷ್ಯಂ ಮುಂದಿಟ್ಟರು.

ಭಾಷ್ಯಂ ಒಂದು ಕಣ್ಣು ಮುಚ್ಚಿ ಬಗ್ಗಿದರು. "ಸೊಸೆಯದ್ದೇ, ಅನುಮಾನವೇ ಬೇಡ. ಹೋದ ಸಲಕ್ಕಿಂತ ಜಾಸ್ತಿಯಾಗಿವೆ. ಕೈಮೀರಿದೆ ಡಾಕ್ಟ್ರೇ."

"ಇದು ಅತ್ತೆಯದ್ದು."

ಭಾಷ್ಯಂ ಕನ್ನಡಕ ತೆಗೆದು ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು.

ಬಂದಾಗಿನಿಂದ ತಲೆಯೆತ್ತದ ರುದ್ರಮ್ಮ ಮೆಲ್ಲಗೆ ಕೇಳಿದಳು: "ಅತ್ತೆಮ್ಮ, ನಿಮ್ಮ ಹುಲಿಕೆರೆ ಬಸ್ಸು ಎಷ್ಟೊತ್ತಿಗೆ?"

ಮಹದೇವಮ್ಮ ದುರುಗುಟ್ಟಿ ನೋಡಿದರು. ಆಮೇಲೆ ಹೊಟ್ಟೆ ಕುಲುಕಿತು. ನಗುವನ್ನು ಸೆರಗಿಗೆ ಒತ್ತಿಕೊಂಡರು. ಮನೆಗೆ ಹೋಗಿ ಟ್ರಂಕಿನ ಹಗ್ಗವನ್ನು ತಾವೇ ಬಿಚ್ಚಿದರು.

ಮಾರನೆಯ ದಿನದಿಂದ ನೆರೆಹೊರೆಗೆಲ್ಲ ಒಂದೇ ಸುದ್ದಿ: "ಡಾಕ್ಟ್ರೇ ದುರ್ಬೀನು ಹಾಕಿ ನೋಡವ್ರೆ ಕಣವ್ವ. ಒಳ್ಳೇ ಕ್ರಿಮಿಗಳು. ಸೊಸೇಗೂ ಅವೆ, ಇಲ್ಲ ಅನ್ನಕಿಲ್ಲ. ಆದ್ರೆ ನಮ್ಮಷ್ಟಿಲ್ಲ."