ಹಂದಿಯನ್ನು ಬಿಟ್ಟ ಜ್ವರ

ಪದವೊಂದು ತಲೆ ಹೊಕ್ಕರೆ ಮನೋರಮಾಗೆ ಅನ್ನ ಸೇರದು. ದೆಹಲಿಯ ಒಂದು ಕನ್ನಡ ವಾರ್ತಾ ವಿಭಾಗದಲ್ಲಿ ಇಂಗ್ಲಿಷ್ ಸುದ್ದಿಯನ್ನು ರೇಡಿಯೊಗಾಗಿ ಕನ್ನಡಕ್ಕೆ ತರುವುದು ಆಕೆಯ ಕೆಲಸ. ಅದರ ಚಾಳಿ ಮನೆಗೂ ಬಂದಿತ್ತು. ತಾನಿದ್ದ ದ್ವಾರಕಾ ಬಡಾವಣೆಯ ತರಕಾರಿ ಭಯ್ಯಾನನ್ನು ನಿಲ್ಲಿಸಿ, ತೊಂಡೆಕಾಯಿಗೆ ಅವನೂರಲ್ಲಿ ಏನನ್ನುತ್ತಾರೆಂದು ಕೇಳದೆ ಬಿಡುವವಳಲ್ಲ.

ಎರಡು ಸಾವಿರದ ಒಂಬತ್ತರಲ್ಲಿ ಜಗತ್ತಿಗೆಲ್ಲ ಹೊಸ ಜ್ವರ ಅಂಟಿತು. ಒಂದು ಟಿವಿ ಚಾನೆಲ್ ಅದನ್ನು ಕೊಲೆಗಾರ ಎಂದಿತು, ಇನ್ನೊಂದು ಹೊರದೇಶದ ದಾಳಿ ಎಂದಿತು. ಕೆಮ್ಮಿಗೂ ಪಾಸ್‌ಪೋರ್ಟ್ ಇರುತ್ತದೆಯೇ ಎಂದು ಮನೋರಮಾ ಬೆರಗಾದಳು. ತಾನು ಮಾತ್ರ ‘ಹಂದಿಜ್ವರ’ ಎಂದು ಬರೆದು, ಚಿಕ್ಕದು, ಚೊಕ್ಕದು ಎಂದು ಬೀಗಿದಳು.

ಆ ಹಮ್ಮು ಇಳಿದದ್ದು ಎದುರುಮನೆಯಲ್ಲಿ. ಅಲ್ಲಿದ್ದವರು ಸೈನ್ಯದಿಂದ ನಿವೃತ್ತರಾದ ಕೊಡಗಿನ ಮಾಚಯ್ಯ ಮತ್ತು ಅವರ ಹೆಂಡತಿ ಬೋಜಮ್ಮ. ಮಾಚಯ್ಯನವರಿಗೆ ರೇಡಿಯೊ ವಾರ್ತೆಯೆಂದರೆ ಮೇಲಧಿಕಾರಿಯ ಆಜ್ಞೆ.

“ಈ ಸಲ ಕೈಲ್‌ಮುಹೂರ್ತಕ್ಕೆ ಪಂದಿ ಕರಿ ಬೇಡ್ವಂತೆ ಇವ್ರಿಗೆ,” ಎಂದರು ಬೋಜಮ್ಮ. “ವರ್ಷಕ್ಕೊಂದು ಹಬ್ಬ, ಮಗ ಸೊಸೆ ಬರ್ತಿದಾರೆ. ಕಡಂಬುಟ್ಟಿನ ಉಂಡೆಗೆ ಬೇಳೆಸಾರು ಬಡಿಸ್ಲಾ?”

ಮನೋರಮಾ ಮಾಂಸ ಮುಟ್ಟಿದವಳಲ್ಲ. ಆದರೂ ಬೋಜಮ್ಮನ ಸಪ್ಪೆ ಮುಖ ನೋಡಿ ಅವಳಿಗೆ ನಾಚಿಕೆಯಾಯಿತು. ಇದು ಹರಡುವುದು ಜನರ ಕೆಮ್ಮಿನಿಂದ, ಬೆಂದ ಮಾಂಸದಿಂದಲ್ಲ ಎಂದು ಮಾಚಯ್ಯನವರಿಗೆ ತಿಳಿಹೇಳಿದಳು.

“ಹಾಗಿದ್ರೆ ರೇಡಿಯೊದವ್ರು ಹಂದಿ ಹೆಸರು ಯಾಕೆ ಹೇಳ್ತಾರೆ?” ಎಂದರು ಅವರು.

ಮರುದಿನ ಆಕೆ ವಿಭಾಗದ ಮುಖ್ಯಸ್ಥ ಚಂದ್ರಕಾಂತರ ಮುಂದೆ ನಿಂತಳು. “ಸರ್, ಆ ಹೆಸರಿಂದ ಹಂದಿ ತೆಗೆದುಬಿಡೋಣ.”

“ಜನಕ್ಕೆ ಅರ್ಥ ಆಗ್ಬೇಕಲ್ರೀ?”

“ಅರ್ಥ ಆಗಿದ್ದೇ ತೊಂದ್ರೆ, ಸರ್. ಕೆನಡಾದಲ್ಲಿ ಮನುಷ್ಯರಿಂದ್ಲೇ ಹಂದಿಗಳಿಗೆ ಅಂಟಿರಬಹುದು ಅಂತ ಸುದ್ದಿ ಬಂದಿತ್ತು. ಅವಕ್ಕೆ ಮಾತು ಬಂದಿದ್ರೆ ಇದನ್ನ ಏನಂತ ಕರೀತಿದ್ವು?”

ಚಂದ್ರಕಾಂತರು ನಕ್ಕುಬಿಟ್ಟರು. ನಗಿಸಿದ ಮೇಲೆ ಅವರ ಒಪ್ಪಿಗೆ ಪಡೆಯುವುದು ಕಷ್ಟವಿರಲಿಲ್ಲ.

ಹಬ್ಬದ ಹಿಂದಿನ ಸಂಜೆ ಮನೋರಮಾ ಬೋಜಮ್ಮನ ಅಡುಗೆಮನೆಯಲ್ಲಿ ಕಿವಿ ನಿಮಿರಿಸಿ ಕೂತಳು. ಹಾಲ್‌ನ ರೇಡಿಯೊ ‘ಎಚ್ ಒನ್ ಎನ್ ಒನ್ ಜ್ವರ’ ಎಂದಿತು. ಹಂದಿಯ ಸುಳಿವಿಲ್ಲ. ಇನ್ನು ಮಾಚಯ್ಯನವರಿಗೆ ನಿಜ ಹೊಳೆಯುತ್ತದೆ ಎಂದು ಆಕೆಯ ಎದೆ ಉಬ್ಬಿತು.

ಅವರು ಕೈಚೀಲ ಹಿಡಿದೇ ಒಳಗೆ ಬಂದರು. “ಬೋಜಿ, ಹಂದಿಜ್ವರ ಮುಗೀತು ಅಂತ ಕಾಣುತ್ತೆ. ಈಗ ಬೇರೆ ಯಾವ್ದೋ ಇಂಗ್ಲಿಷ್ ಜ್ವರ ಬಂದಿದೆ. ನಾನು ಐಎನ್‌ಎ ಮಾರ್ಕೆಟ್‌ಗೆ ಹೋಗಿ ಮಾಂಸ ತರ್ತೀನಿ.”

ತಿದ್ದಲೆಂದು ಮನೋರಮಾ ಬಾಯಿ ತೆರೆದಳು. ಬೋಜಮ್ಮ ಆಕೆಯ ಕೈಯನ್ನು ಮೆಲ್ಲಗೆ ಅದುಮಿ ಹಿಡಿದರು. ಗಂಡ ಮೆಟ್ಟಿಲಿಳಿಯುವ ಸದ್ದು ಅಡಗಿದ ಮೇಲೆ ಕೈ ಬಿಟ್ಟು, “ಇವತ್ತಿನ ವಾರ್ತೆ ಬಹಳ ಚೆನ್ನಾಗಿತ್ತು ಕಣ್ರೀ,” ಎಂದರು.