ಹನ್ನೆರಡು ಪಾಯಿಂಟ್ ನಾಲ್ಕು

ನನ್ನ ಡ್ರಿಲ್ ಮಾಷ್ಟ್ರನ್ನು ಕಂಡರೆ ನನಗೆ ಆಗುವುದಿಲ್ಲ. ಕಲಿಸಿದವರ ಬಗ್ಗೆ ಹೀಗೆಲ್ಲ ಬರೆಯಬಾರದು ಎಂದು ಊರಿನವರು ಹೇಳಿಯಾರು. ಹೇಳಲಿ. ಓಡುವುದು ನನಗೆ ಮೊದಲೇ ಬರುತ್ತಿತ್ತು, ಅದನ್ನೇನೂ ಅವರು ಕಲಿಸಲಿಲ್ಲ. ಅವರು ನನಗೆ ಕೊಟ್ಟದ್ದು ಒಂದು ಸುಳ್ಳು ಸಂಖ್ಯೆ.

ಆಗ ನಾನು ಹತ್ತನೇ ತರಗತಿ. ಕಾಸರಗೋಡಿನಿಂದ ಪೂರ್ವಕ್ಕೆ, ಗಡಿಗೆ ಹತ್ತಿರದ ಕನ್ನಡ ಮಾಧ್ಯಮ ಶಾಲೆ ನಮ್ಮದು. ಮುರಕಲ್ಲಿನ ಪಾರೆಯ ಗಟ್ಟಿ ಬಂಡೆಯ ಮೇಲೆ ಕೆಂಪು ಮಣ್ಣು ಹಾಸಿದ್ದೇ ಮೈದಾನ. ಓಟ ಶುರುವಾಗುವ ತುದಿಯಲ್ಲಿ ಒಬ್ಬ ಟೀಚರ್ ಎರಡು ಹಲಗೆಗಳನ್ನು ಒಂದಕ್ಕೊಂದು ಬಡಿಯುತ್ತಿದ್ದರು. ಮುಗಿಯುವ ತುದಿಯಲ್ಲಿ, ಗೋಳಿಮರದ ನೆರಳಿಗೆ ಕುರ್ಚಿ ಹಾಕಿಸಿಕೊಂಡು, ಮಾಷ್ಟ್ರು ಸ್ಟಾಪ್‌ವಾಚ್ ಹಿಡಿದು ಕೂರುತ್ತಿದ್ದರು. ಹಲಗೆಯ ಕಡೆ ಅವರು ತಲೆ ಎತ್ತಿ ನೋಡಿದ್ದೇ ಇಲ್ಲ. "ಕಣ್ಣು ಗೆರೆಯ ಮೇಲೆ ಇರ್ಬೇಕು, ಶಬ್ದಕ್ಕೆ ಕಿವಿ ಉಂಟಲ್ಲ" ಎನ್ನುತ್ತಿದ್ದರು. ಶಾಲೆಯ ಕ್ರೀಡಾಕೂಟದ ದಿನ ನಾನು ಓಡಿದ ನೂರು ಮೀಟರಿಗೆ ವಾಚಿನಲ್ಲಿ ಬಂದದ್ದು ಹನ್ನೆರಡು ಪಾಯಿಂಟ್ ನಾಲ್ಕು ಎಂಟು. "ಆ ಎಂಟನ್ನು ಬಿಡುವ" ಎಂದರು. ಬಿಟ್ಟರು. ಮರುದಿನ ಅಸೆಂಬ್ಲಿಯಲ್ಲಿ ಚಪ್ಪಾಳೆ, ಆ ವಾರವೇ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಫೋಟೋದ ಫ್ಲೆಕ್ಸ್.

ಸ್ಪೋರ್ಟ್ಸ್ ಹಾಸ್ಟೆಲಿನ ಆಯ್ಕೆಗೆ ರೈಲಿನಲ್ಲಿ ದಕ್ಷಿಣಕ್ಕೆ ಕರೆದುಕೊಂಡು ಹೋದವರೂ ಅವರೇ. ಅಲ್ಲಿ ಪಿಸ್ತೂಲಿಗೆ ವಯರು, ಗೆರೆಗೆ ಕ್ಯಾಮೆರಾ. ಶಬ್ದವಾದ ಕ್ಷಣಕ್ಕೆ ಗಡಿಯಾರ ತಾನೇ ಶುರು, ಎದೆ ಗೆರೆ ದಾಟಿದ್ದನ್ನು ಕ್ಯಾಮೆರಾವೇ ಹಿಡಿಯುತ್ತದೆ, ನಡುವೆ ಯಾರ ಬೆರಳೂ ಇಲ್ಲ. ನಾನು ಎಂದಿನ ಹಾಗೆಯೇ ಓಡಿದೆ. ಬೋರ್ಡಿನಲ್ಲಿ ಹದಿಮೂರು ಪಾಯಿಂಟ್ ಸೊನ್ನೆ ಏಳು ಬಂತು.

ಅಲ್ಲಿನ ತರಬೇತುದಾರ್ತಿ ನನ್ನನ್ನು ಕರೆದು ಮಲಯಾಳದಲ್ಲಿ ಹೇಳಿದರು: ನೂರಕ್ಕೆ ಇದು ಸಾಲದು, ಆದರೆ ಕೊನೆಯ ಮೂವತ್ತು ಮೀಟರಿನಲ್ಲಿ ನೀನು ಸ್ವಲ್ಪವೂ ನಿಧಾನ ಆಗುವುದಿಲ್ಲ, ಮಧ್ಯಾಹ್ನ ನಾನೂರು ಓಡು, ನೋಡುತ್ತೇನೆ. ಬೇಲಿಯ ಹೊರಗೆ ನನ್ನ ಚೀಲ ಹಿಡಿದು ನಿಂತಿದ್ದ ಮಾಷ್ಟ್ರಿಗೆ ಅದನ್ನು ಹೇಳಿದೆ.

"ಇಲ್ಲಿ ಕನ್ನಡದ ಮಕ್ಕಳಿಗೆ ಎಂತ ಸಿಗ್ತದೆ? ಮೆಷಿನ್ ಕೂಡ ಅವರದ್ದೇ ಅಲ್ವಾ?" ಎಂದರು.

ನಂಬಿದೆ. ನಂಬದೆ ಏನು ಮಾಡಲಿ? ಕನ್ನಡ ಬಾರದವರನ್ನು ನಮ್ಮ ತರಗತಿಗೆ ಪಾಠ ಮಾಡಲು ಹಾಕಿದ್ದನ್ನು ಕಂಡವಳು ನಾನು. ಅರ್ಜಿ ಮಲಯಾಳದಲ್ಲೇ ಇದ್ದು ಅಪ್ಪ ಕಚೇರಿಯ ಬಾಗಿಲಲ್ಲಿ ಪೆಚ್ಚಾಗಿ ನಿಂತದ್ದನ್ನು ಕಂಡವಳು. ಆ ದೂರುಗಳೆಲ್ಲ ಸತ್ಯವೇ. ಆ ಸತ್ಯದ ಹಿಂದೆ ಅವರು ವಾಚ್ ಒತ್ತಿದ ತಮ್ಮ ಹೆಬ್ಬೆರಳನ್ನು ಅಡಗಿಸಿಕೊಂಡರು. ನಾನು ಹೋಗಿ ತರಬೇತುದಾರ್ತಿಗೆ, ನಾನು ಹನ್ನೆರಡು ನಾಲ್ಕರ ಓಟಗಾರ್ತಿ, ನಿಮ್ಮ ನಾನೂರು ನನಗೆ ಬೇಡ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಮಧ್ಯಾಹ್ನದ ರೈಲು ಹತ್ತಿದೆ. ಅಲ್ಲಿಗೆ ನನ್ನ ಓಟ ಮುಗಿಯಿತು.

ಈಗ ಅದೇ ಶಾಲೆಯಲ್ಲಿ ಡೈಲಿ ವೇಜಸ್ ಮೇಲೆ ನಾನೇ ಡ್ರಿಲ್ ಟೀಚರ್. ಕ್ರೀಡಾಕೂಟದಲ್ಲಿ ಸಮಯ ಬರೆಯುವವರಿಗೆ ಒಮ್ಮೆ ತರಬೇತಿ ಇತ್ತು. ಶಬ್ದ ಕೇಳಿ ವಾಚ್ ಒತ್ತಬಾರದಂತೆ. ಪಿಸ್ತೂಲಿನ ಹೊಗೆ ಕಂಡಾಗ, ಹಲಗೆಯಾದರೆ ಎರಡೂ ಕೂಡಿದ್ದು ಕಂಡಾಗ ಒತ್ತಬೇಕಂತೆ. ನೂರು ಮೀಟರ್ ದಾಟಿ ಬರಲು ಶಬ್ದಕ್ಕೇ ಕಾಲು ಸೆಕೆಂಡಿಗಿಂತ ಹೆಚ್ಚು ಬೇಕು. ಎಂಟನ್ನು ಬಿಡುವುದಲ್ಲ, ನಾಲ್ಕನ್ನು ಐದು ಮಾಡಬೇಕು. ಇಷ್ಟೆಲ್ಲ ಸರಿಯಾಗಿ ಮಾಡಿದರೂ ಯಂತ್ರ ಕೈಗಿಂತ ಇನ್ನೊಂದು ಕಾಲು ಸೆಕೆಂಡು ಜಾಸ್ತಿಯೇ ತೋರಿಸುತ್ತದೆ, ಯಾಕೆಂದರೆ ಶುರುವಿನಲ್ಲಿ ಬೆರಳು ತಡ ಮಾಡುತ್ತದೆ. ಬೆಂಚಿನಲ್ಲಿ ಕೂತು ಹನ್ನೆರಡು ಪಾಯಿಂಟ್ ನಾಲ್ಕು ಎಂಟಕ್ಕೆ ಆ ಎರಡು ಕಾಲು ಸೆಕೆಂಡನ್ನು ಕೂಡಿಸಿದೆ, ಹದಿಮೂರು ಬಂತು.

ಮಾಷ್ಟ್ರು ನಿವೃತ್ತರಾದರೂ ಸಂಜೆ ಗೋಳಿಮರದ ಬುಡಕ್ಕೆ ಬರುತ್ತಾರೆ. ಹೋಗಿ ಎಲ್ಲ ಹೇಳಿದೆ. "ನಿಂಗೆ ಓಡ್ಲಿಕ್ಕೆ ಆಗ್ಲಿಲ್ಲ. ಅದಕ್ಕೀಗ ನನ್ನ ವಾಚಿನ ಮೇಲೆ ದೂರಾ ಮಾರಾಯ್ತಿ?" ಎಂದು ನಕ್ಕರು. ಆ ನಗುವನ್ನು ನಾನು ಸಾಯುವವರೆಗೂ ಕ್ಷಮಿಸುವುದಿಲ್ಲ.

ಈ ವರ್ಷ ಹತ್ತನೇ ತರಗತಿಯಲ್ಲಿ ಒಬ್ಬಳಿದ್ದಾಳೆ. ಹೊರಡುವುದು ನಿಧಾನ, ಕೊನೆಯಲ್ಲಿ ಸುಸ್ತೇ ಇಲ್ಲ, ನನ್ನ ಹಾಗೆಯೇ. ಒಂದು ಸಂಜೆ ಮಾಷ್ಟ್ರು ಅವಳನ್ನು ಓಡಿಸಿ ಹನ್ನೆರಡು ಪಾಯಿಂಟ್ ಆರು ಎಂದು ಹೇಳಿಬಿಟ್ಟಿದ್ದರು. ಹಾಸ್ಟೆಲಿನ ಫಾರ್ಮ್ ಕಳಿಸುವ ಕೊನೆಯ ದಿನ ನಾನು ಮುಗಿಯುವ ಗೆರೆಯ ಹತ್ತಿರ ನಿಂತು, ಹಲಗೆಯ ಮೇಲೆ ಕಣ್ಣಿಟ್ಟು, ಮೂರು ಸಲ ಅವಳನ್ನು ಓಡಿಸಿದೆ. ಎರಡು ಸಲ ಹದಿಮೂರು ಪಾಯಿಂಟ್ ಸೊನ್ನೆ, ಒಂದು ಸಲ ಹದಿಮೂರು ಪಾಯಿಂಟ್ ಒಂದು.

"ನೂರರಲ್ಲಿ ನೀನು ಸೋಲ್ತಿ. ನಾನೂರಕ್ಕೆ ಹೋದರೆ ತಗೊಳ್ತಾರೆ. ಈ ಫಾರ್ಮಿಗೆ ಸಹಿ ಹಾಕು" ಎಂದೆ.

"ನಿಮ್ಮ ವಾಚೇ ಸರಿ ಇಲ್ಲ ಟೀಚರ್."

ನನ್ನ ಕೈಯಿಂದ ವಾಚ್ ಕಿತ್ತುಕೊಂಡು ಮರದ ಬುಡಕ್ಕೆ ಹೋಗಿ ಮಾಷ್ಟ್ರಿಗೆ ಕೊಟ್ಟಳು. ಓಟ ಶುರುವಾಗುವ ತುದಿಗೆ ಹೋಗಿ ನಿಂತಳು. ಹಲಗೆ ಬಡಿಯಿತು. ಅವರು ತಲೆ ಎತ್ತಲಿಲ್ಲ. ಓಡಿ ಮುಗಿಸಿದವಳು ಏದುಸಿರು ಬಿಡುತ್ತಾ ವಾಚನ್ನು ತಂದು ನನ್ನ ಮೂಗಿನೆದುರು ಹಿಡಿದಳು. ಹನ್ನೆರಡು ಪಾಯಿಂಟ್ ಆರು ಎಂಟು.

"ಈಗ ಎಂತ ಹೇಳ್ತೀರಿ? ಇದು ನಿಮ್ಮದೇ ವಾಚ್."

ಶಬ್ದ, ಹೊಗೆ, ಹಲಗೆ ಎಂದು ಏನೇನೋ ಕೂಗಾಡಿದೆ. ಕೇಳಿಸಿಕೊಳ್ಳಲಿಲ್ಲ. ಅವಳ ಕಣ್ಣಲ್ಲಿದ್ದ ದ್ವೇಷ ನನಗೆ ಹೊಸದಲ್ಲ, ಅದನ್ನೇ ಹೊತ್ತುಕೊಂಡು ನಾನು ಅಂದು ರೈಲು ಹತ್ತಿದ್ದು. ನೂರರ ಫಾರ್ಮಿಗೆ ಸಹಿ ಹಾಕಿದಳು. ನಾನೂರರದ್ದನ್ನು ಖಾಲಿಯಾಗಿಯೇ ಹಿಂದೆ ಕೊಟ್ಟಳು.

ಬರುವ ವಾರ ಆಯ್ಕೆ. ಶಾಲೆಯಿಂದ ಜೊತೆಗೆ ಹೋಗಬೇಕಾದವಳು ನಾನು. ಅವಳ ಚೀಲ ಹಿಡಿದು ಬೇಲಿಯ ಹೊರಗೆ ನಿಂತಿರುತ್ತೇನೆ, ಬೋರ್ಡಿನಲ್ಲಿ ಸಂಖ್ಯೆ ಬಿದ್ದ ಕೂಡಲೇ ಅವಳು ತಿರುಗಿ ನೋಡುವುದು ನನ್ನ ಮುಖವನ್ನೇ.