ಸಾವಂತ್ರವ್ವನ ಬದನೆ ಅಗಿ, ಗಂಡನ ಗಾಜು

ಹುನಗುಂದದ ನಮ್ಮ ಓಣಿಯಲ್ಲಿ ಅಮಾತೆಪ್ಪ ಎಂಬುವನೊಬ್ಬ ಇದ್ದ. ಇದ್ದ ಅಂದರೆ ಇದ್ದ, ಅಷ್ಟೇ. ಕಟ್ಟೆಯ ಮೇಲೆ ಕೂರುವುದು, ಬಿಸಿಲು ಬಂದರೆ ನೆರಳಿಗೆ ಸರಿಯುವುದು, ಹೊತ್ತಿಗೆ ಸರಿಯಾಗಿ ಉಣ್ಣುವುದು, ಉಂಡಾದ ಮೇಲೆ "ಉಪ್ಪು ಕಡಿಮಿ ಆಗೇತಿ" ಅನ್ನುವುದು. ಇಡೀ ಸಂಸಾರದಲ್ಲಿ ಹೆಂಡತಿಗೆ ಅವನಾಡಿದ ಮಾತು ಹೆಚ್ಚುಕಡಿಮೆ ಇದೊಂದೇ. ಹೆಂಡತಿ ಸಾವಂತ್ರವ್ವ ಹೊಲ, ಮನೆ, ಎಮ್ಮೆ ಎಲ್ಲ ನೋಡಿಕೊಂಡು ಜೊತೆಗೆ ಅವನನ್ನೂ ನೋಡಿಕೊಂಡಳು. ಅವನು ತೀರಿಕೊಂಡ ಮೇಲೆ ಪರಊರಲ್ಲಿದ್ದ ಮಗ ಬಾಗಿಲಿನಷ್ಟು ದೊಡ್ಡ ಫೋಟೋ ಮಾಡಿಸಿದ. ಗಾಜಿನ ಮೇಲೆ ಬಂಗಾರದ ಬಣ್ಣದಲ್ಲಿ 'ಲಿಂಗೈಕ್ಯ ಶ್ರೀ ಅಮಾತೆಪ್ಪನವರು' ಎಂದು ಬರೆಸಿದ. ಬದುಕಿದ್ದಾಗ ಅವನನ್ನು ಯಾರೂ 'ಶ್ರೀ' ಅಂದದ್ದಿಲ್ಲ.

ನಾನು ಅವರ ಎದುರು ಮನೆಗೆ ಸೊಸೆಯಾಗಿ ಬಂದದ್ದು ೧೯೭೮ರ ಹೊತ್ತಿಗೆ. ಬಂದ ಹೊಸದರಲ್ಲಿ ನನಗೆ ಹಿಡಿಸಿದವಳೆಂದರೆ ಸಾವಂತ್ರವ್ವ ಒಬ್ಬಳೇ. ನನ್ನ ಅತ್ತೆ ಸತ್ಯವ್ವನಿಗೆ ತಿರುಗಿ ಮಾತಾಡುವ ಎದೆಗಾರಿಕೆ ಓಣಿಯಲ್ಲಿ ಅವಳಿಗೆ ಮಾತ್ರ ಇತ್ತು.

ಅಂಥ ಗಟ್ಟಿಗಿತ್ತಿಯ ಜೀವ ಇದ್ದದ್ದು ಬದನೆ ಬೀಜದಲ್ಲಿ. ಮದುವೆಯಾಗಿ ಬರುವಾಗ ಶಿರೂರಿನ ತವರಿನಲ್ಲಿ ಅವಳವ್ವ ಉಡಿಯಲ್ಲಿ ಕಟ್ಟಿಕೊಟ್ಟ ಬೀಜ ಅದು. ಕಾಯಿಯ ತೊಟ್ಟಿಗೆ ಮುಳ್ಳು, ಒಳಗೆ ಬೆಣ್ಣೆ. ತವರಿನವರು ಪೇಟೆಯ ಬೀಜದ ಬೆನ್ನುಹತ್ತಿ ಅದನ್ನು ಎಂದೋ ಬಿಟ್ಟಿದ್ದರು. ಉಳಿದದ್ದು ಇವಳ ಮನೆಯ ತೊಲೆಗೆ ಕಟ್ಟಿದ್ದ ಒಣಗಿದ ಕಾಯಿಗಳು ಮಾತ್ರ. ನಾನು ಬಂದ ವರ್ಷದ ಚಳಿಗಾಲದಲ್ಲಿ ಇಲಿ ಅವನ್ನೂ ತಿಂದು ಒಂದು ಚಿಟಿಕೆ ಬೀಜ ಬಿಟ್ಟಿತು. ಬಿತ್ತನೆಯ ಮೃಗಶಿರ ಮಳೆ ಇನ್ನೂ ಆರು ತಿಂಗಳು ದೂರವಿತ್ತು.

"ಹಳೇ ಬೀಜ ಅದಾವು. ಮಿರಗದ ಮಳಿತನಕ ಕಾದ್ರ ಜೀವಾ ಹಿಡಿಯೂದಿಲ್ಲ. ಈಗ ಹಾಕಿದ್ರ ಈ ಚಳಿಗಿ ಹುಟ್ಟೂದಿಲ್ಲ. ಇವು ಹೋದ್ರ ನಮ್ಮವ್ವನ ಬದನಿಕಾಯಿ ಹೋತು ನೋಡವಾ," ಎಂದು ನನ್ನ ಮುಂದೆ ಹೇಳುವಾಗ ಅವಳ ದನಿ ನಡುಗಿತು. ಅವಳ ದನಿ ನಡುಗಿದ್ದನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ.

ಬಾಗಲಕೋಟೆಯಲ್ಲಿ ಯಾರೋ ಸಾಹೇಬರ ಬಂಗಲೆಯ ಕಟ್ಟೆಯ ಮೇಲೆ ಗಾಜಿನ ಪೆಟ್ಟಿಗೆ ಇಟ್ಟು, ಅದರೊಳಗೆ ಚಳಿಗಾಲದಲ್ಲೇ ಟೊಮೆಟೊ ಅಗಿ, ಅಂದರೆ ನಾಟಿಯ ಸಸಿ, ಎಬ್ಬಿಸಿದ್ದನ್ನು ಅವಳು ನೋಡಿಬಂದಿದ್ದಳು. ಎಳೆ ಸಸಿಗೆ ಬಂಗಲೆ ಬೇಕಿಲ್ಲ, ಬಿಸುಪು ಸಾಕು ಅಂತ ಅವಳಿಗೆ ಆಗಲೇ ಹೊಳೆದಿತ್ತು. ಫೋಟೋಕ್ಕೆ ಕಟ್ಟು ಹಾಕುವ ಲಾಡಸಾಬನನ್ನು ಕರೆಸಿದಳು. ಲಾಡಸಾಬ ಒಳ್ಳೆಯವ, ಆದರೆ ಅವನು ಹಾಕಿದ ಕಟ್ಟು ಒಂದೂ ನೆಟ್ಟಗೆ ಕೂರುತ್ತಿರಲಿಲ್ಲ. ಊರ ದೇವರೆಲ್ಲ ಅವನ ದೆಸೆಯಿಂದ ಒಂದು ಮಗ್ಗುಲಿಗೆ ವಾಲಿಯೇ ಇದ್ದರು. ಹಲಗೆಯ ಪೆಟ್ಟಿಗೆ ಬಡಿದ, ಮಣ್ಣು ಗೊಬ್ಬರ ತುಂಬಿದ. ಮೇಲೆ ಮುಚ್ಚಲು ಅಷ್ಟು ದೊಡ್ಡ ಗಾಜು ಅವನ ಅಂಗಡಿಯಲ್ಲಿ ಇರಲಿಲ್ಲ. ಸಾವಂತ್ರವ್ವ ಗೋಡೆಯ ಮೇಲಿದ್ದ ಗಂಡನ ಕಡೆ ನೋಡಿದಳು.

"ಅಕ್ಕಾ, ಅದು ಸತ್ತವ್ರ ಗಾಜ ಐತ್ರಿ," ಅಂದ ಲಾಡಸಾಬ.

"ಇದ್ದಾಗ ಒಂದ ಕಡ್ಡಿ ಎತ್ತಿ ಆಕಡೆ ಇಡ್ಲಿಲ್ಲ. ಈಗರೆ ದುಡೀಲಿ ತಗೀ."

ಹೀಗೆ ಫೋಟೋದ ಗಾಜು ಪೆಟ್ಟಿಗೆಯ ಮುಚ್ಚಳವಾಗಿ, ಅಂಗಳದ ಕಟ್ಟೆಯ ಮೇಲೆ ಅಮಾತೆಪ್ಪ ಮೊದಲ ಸಲ ಕೆಲಸಕ್ಕೆ ಹತ್ತಿದ. ಇಡೀ ಊರು ಚಳಿಗೆ ಮುದುಡಿರುವಾಗ ಆ ಗಾಜಿನಡಿ ಬದನೆ ಮೊಳಕೆಯೊಡೆಯಿತು.

ಅಲ್ಲಿಂದ ಶುರುವಾಯಿತು ನಮ್ಮ ಅತ್ತೆಯ ಆಟ. "ಮ್ಯಾಲ ಏನ ಬರದೈತಿ, ಓದ ನೋಡೂಣು" ಅಂದಳು. ಓದಿದೆ. ನಮ್ಮಲ್ಲಿ ದೊಡ್ಡ ಶರಣರನ್ನು ಮಣ್ಣಿಗಿಟ್ಟಲ್ಲಿ ಗದ್ದುಗೆ ಕಟ್ಟಿ ಪೂಜಿಸುತ್ತಾರೆ. ಕೆಳಗೆ ಮಣ್ಣು, ಮೇಲೆ ಲಿಂಗೈಕ್ಯರ ಹೆಸರು, ಅಕಾಲದಲ್ಲಿ ಹುಟ್ಟಿದ ಬೀಜ. ಇನ್ನೇನು ಬೇಕು? ಮರುದಿನ ಅತ್ತೆ ಗಾಜಿಗೆ ವಿಭೂತಿ ಎಳೆದಳು. ಅವಳ ಹಿಂದೆ ಓಣಿಯ ಹೆಂಗಸರೆಲ್ಲ ಪತ್ರಿ, ಊದಿನಕಡ್ಡಿ ಹಿಡಿದು ಬಂದರು. ಬದುಕಿದ್ದಾಗ 'ಮೈಗಳ್ಳ' ಅಂದ ಬಾಯಿಗಳೇ ಈಗ 'ಮೌನಯೋಗಿ' ಅಂದವು. ಸಾವಂತ್ರವ್ವ ಕಸಬರಿಗೆ ಹಿಡಿದು ಎಲ್ಲರನ್ನೂ ಅಟ್ಟಿದಳು.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿತು, ಬಿಸಿಲು ಚುರುಗುಟ್ಟತೊಡಗಿತು. ಸಸಿ ಇನ್ನೂ ನಾಟಿಗೆ ಬಂದಿರಲಿಲ್ಲ. ಅಷ್ಟರಲ್ಲಿ ಬಾದಾಮಿಯಲ್ಲಿದ್ದ ಸಾವಂತ್ರವ್ವನ ಮಗಳು ಸಂಗವ್ವ ಜ್ವರದಿಂದ ಮಲಗಿದ್ದಾಳೆಂದು ಸುದ್ದಿ ಬಂತು. ಬಸ್ಸಿಗೆ ಹೊರಟವಳು ನನ್ನ ಕೈ ಹಿಡಿದು ಹೇಳಿದಳು: "ಹೊತ್ತೇರಿದ ಕೂಡ್ಲೇ ಗಾಜ ತಗೀಬೇಕವಾ. ಮರತ್ರ ಒಳಗ ಅವು ಕುದ್ದು ಪಲ್ಯಾ ಆಗ್ತಾವ."

ಅವಳ ಬಸ್ಸು ಅತ್ತ ಹೋಯಿತು, ನಾನು ಇತ್ತ ಗಾಜಿಗೆ ಕೈ ಹಾಕಿದೆ. ಅತ್ತೆ ಕೈಮೇಲೆ ರಪ್ಪನೆ ಹೊಡೆದಳು. "ಗದ್ದಿಗಿ ಮುಚ್ಚಳಾ ತಗೀತಾರೇನ? ಮನಿತನಾ ಹಾಳ ಮಾಡಾಕ ಬಂದಿ?" ಹೊಸ ಸೊಸೆ, ಏನು ಮಾಡಲಿ? ಅತ್ತ ಭಕ್ತಿಯೋ ಮೇರೆ ಮೀರಿತ್ತು. ಶರಣರಿಗೆ ಬಿಸಿಲು ಬಡಿಯುತ್ತದೆಂದು ಬೇವಿನ ಸೊಪ್ಪಿನ ಚಪ್ಪರ ಹಾಕಿದರು. ಗಾಜಿನ ಮೇಲೆ ಸವೆದು ಜಾಳಾದ ಹಳೆಯ ಇಳಕಲ್ಲ ಸೀರೆ ಹೊದಿಸಿದರು. ಅಭಿಷೇಕವೆಂದು ಬೆಳಗ್ಗೆ ಸಂಜೆ ಅದರ ಮೇಲೆ ಕೊಡಗಟ್ಟಲೆ ನೀರು ಸುರಿದರು.

ಮಗಳು ಚೇತರಿಸಿಕೊಂಡ ಮೇಲೆ ಸಾವಂತ್ರವ್ವ ಬಂದಳು. ಚಪ್ಪರ, ತೆಂಗಿನ ಚಿಪ್ಪು, ವಿಭೂತಿ ನೋಡಿದವಳೇ ನನ್ನ ಅತ್ತೆಯ ಏಳು ತಲೆಮಾರನ್ನು ಬೈದಳು. ಬೈಯುತ್ತಲೇ ಸೀರೆ ಎಳೆದು ಬಿಸಾಕಿ ಗಾಜು ಎತ್ತಿದಳು. ಎತ್ತಿ, ಒಳಗೆ ಬಗ್ಗಿ ನೋಡಿದಳು.

ಒಳಗೆ ಅಗಿ ಗೇಣುದ್ದ ಎದ್ದು ಹಸಿರಾಗಿ ನಿಂತಿತ್ತು. ಒದ್ದೆ ಸೀರೆಯ ತಂಪು, ಚಪ್ಪರದ ನೆರಳು. ಲಾಡಸಾಬನ ಸೊಟ್ಟ ಚೌಕಟ್ಟಿನ ಸಂದಿಯಿಂದ ಒಳಗೆ ನೀರೂ ಇಳಿದಿತ್ತು, ಗಾಳಿಯೂ ಆಡಿತ್ತು. ಗಾಜು ತೆಗೆದು ಬೆಂಕಿಯಂಥ ಬಿಸಿಲಿಗೆ ಬಿಟ್ಟಿದ್ದರೆ ನಾನೇ ಅವನ್ನು ಸುಟ್ಟಿರುತ್ತಿದ್ದೆ ಅಂತ ಈಗಲೂ ಅನಿಸುತ್ತದೆ.

"ನೋಡಿದೇನ ಶರಣರ ಮಹಿಮಾ?" ಅಂದಳು ಅತ್ತೆ, ಬೈಸಿಕೊಂಡದ್ದನ್ನೆಲ್ಲ ಸೆರಗಿಗೆ ಒರೆಸಿಕೊಂಡು.

ಸಾವಂತ್ರವ್ವ ಗಾಜನ್ನು ಗೋಡೆಗೆ ಒರಗಿಸಿಟ್ಟಳು. ಅವಳಿಗೆ ಹೊಳೆದದ್ದು ಆಗ. ಬೀಜ ತನ್ನ ಮನೆಯೊಂದರಲ್ಲೇ ಇದ್ದರೆ ಮತ್ತೆ ಇಲಿ ತಿಂದೀತು, ಮನೆಮನೆಗೆ ಹಂಚಿದರೆ ಉಳಿದೀತು. "ಹೂಂ, ಪ್ರಸಾದ ಐತಿ. ಮನಿಗೊಂದ ಸಸಿ ಒಯ್ರಿ. ಕಿತ್ತ ಒಗದ್ರ ಶರಣರು ಸಿಟ್ಟಾಗ್ತಾರ ಮತ್ತ," ಅಂದಳು, ಮುಖದಲ್ಲಿ ನಗು ತರದೆ. ಓಣಿಯ ಹಿತ್ತಲು ಹಿತ್ತಲಲ್ಲಿ ಅವಳವ್ವನ ಬದನೆ ಬೇರುಬಿಟ್ಟಿತು. ಮುಂದೆ ಹೆಣ್ಣುಮಕ್ಕಳ ಉಡಿಯಲ್ಲಿ ಕಲಾದಗಿಗೂ ಇಳಕಲ್ಲಿಗೂ ಹೋಯಿತು. ಇವತ್ತಿಗೂ ಆ ಗಿಡ ಕೀಳಲು ಜನ ಹೆದರುತ್ತಾರೆ.

ಮಿರಗದ ಹೊತ್ತಿಗೆ ಮೊದಲ ಕಾಯಿ ಬಂತು. ಸಾವಂತ್ರವ್ವ ಎಣ್ಣೆಗಾಯಿ ಮಾಡಿ ನನ್ನನ್ನು ಊಟಕ್ಕೆ ಕರೆದಳು. ಗಾಜಿಲ್ಲದ ಫೋಟೋದ ಮುಂದೆ ಒಂದು ತಟ್ಟೆ, ನನಗೊಂದು, ಅವಳಿಗೊಂದು. ತುತ್ತು ಬಾಯಿಗಿಟ್ಟೆ. ಬೆಣ್ಣೆಯಂಥ ಕಾಯಿ, ಆದರೆ ಉಪ್ಪೇ ಇಲ್ಲ. ಮರೆತಿರಬೇಕೆಂದು ಅವಳ ಕಡೆ ನೋಡಿದೆ.

ಅವಳು ನೋಡುತ್ತಿದ್ದದ್ದು ಗಂಡನನ್ನು. "ಬೇಕಂತನ ಹಾಕಿಲ್ಲ," ಅಂದಳು ಅವನಿಗೆ. "ಈಗ ಅನ್ನು ನೋಡೂಣು. ಉಪ್ಪು ಕಡಿಮಿ ಆಗೇತಿ ಅಂತ ಒಮ್ಮಿ ಅನ್ನು."

ಅವನ ತಟ್ಟೆಯನ್ನು ಫೋಟೋದ ಹತ್ತಿರಕ್ಕೆ ಸರಿಸಿದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ನಾನು ಉಪ್ಪು ಕೇಳದೆ ತಟ್ಟೆ ಖಾಲಿ ಮಾಡಿದೆ.